ಕೆಂಚನ ಗಂಟುಗಳೂ ಅತ್ತೆಯ ಕಂಬಳಿಯೂ

"ಮಂದಿ ತಮ್ಮ ಬ್ಯಾನಿ ಬರೀತಾರ, ನೀ ನೋಡಿದ್ರ ನಾಯೀದು ಬರ್ಯಾಕ ಕುಂತಿ," ಎಂದು ನಮ್ಮ ಮನೆಯವರು ನಿನ್ನೆ ನಕ್ಕರು. ನಗಲಿ. ಮನುಷ್ಯರಿಗೆ ಜ್ವರ ಬಂದರೆ ಓಣಿಯ ಮಂದಿ ಗಂಜಿ ತರುತ್ತಾರೆ, ಬಾಗಿಲಲ್ಲಿ ನಿಂತು ಎರಡು ಮಾತು ಕೇಳಿ ಹೋಗುತ್ತಾರೆ. ನಾಯಿಯ ಮೈಮೇಲೆ ಗಂಟು ಎದ್ದು ಹುಣ್ಣಾದರೆ ಯಾರೂ ಏನೂ ತರುವುದಿಲ್ಲ, ದಿನಾ ಬರುವವರೂ ಬರುವುದನ್ನು ಬಿಡುತ್ತಾರೆ. ಆ ಚಳಿಗಾಲದಲ್ಲಿ ನಮ್ಮ ಮನೆಯ ಕಟ್ಟೆ ಹಾಗೆ ಖಾಲಿ ಬಿದ್ದಿತ್ತು. ಈಗ ಇನ್ಯಾರದೋ ಕಟ್ಟೆ ಹಾಗೇ ಖಾಲಿ ಇದ್ದರೆ ಅವರು ಓದಲಿ ಅಂತ ಬರೆಯುತ್ತಿದ್ದೇನೆ.

ನಾವು ಬೈಲಹೊಂಗಲದವರು. ನಮ್ಮ ಮನೆಯವರು ಹತ್ತಿಯ ಜಿನ್ನಿನಲ್ಲಿ ತೂಕ ನೋಡುತ್ತಾರೆ. ಒಂದು ಸುಗ್ಗಿಯಲ್ಲಿ ಹತ್ತಿಯ ರಾಶಿಯೊಳಗೆ ಕುಂಯ್‌ಗುಡುತ್ತಿದ್ದ ಒಂದು ಮರಿಯನ್ನು ಧೋತರದ ಸೆರಗಿನಲ್ಲಿ ಕಟ್ಟಿಕೊಂಡು ಬಂದರು. "ಬೆಳ್ಳನ ನಾಯಿ ತಂದೀನಿ ನೋಡ್ರಿ," ಅಂದರು. ಅತ್ತೆ ಒದ್ದೆ ಅರಿವೆಯಿಂದ ಒರೆಸಿದಂತೆ ಹತ್ತಿಯ ನಾರೆಲ್ಲ ಉದುರಿ ಒಳಗಿಂದ ಕೆಂಪು ನಾಯಿ ಹೊರಗೆ ಬಂತು. "ತೂಕದಾಗರ ಸರಿ ನೋಡತೀಯೋ, ಇಲ್ಲೋ?" ಎಂದು ಅತ್ತೆ ಮಗನನ್ನು ಕೇಳಿದರು. ಆವತ್ತಿನಿಂದ ಅದು ಕೆಂಚ.

ನಮ್ಮ ಮನೆದೇವರು ಮೈಲಾರಲಿಂಗ. ಮೈಲಾರನಿದ್ದಲ್ಲಿ ನಾಯಿ ಇರಲೇಬೇಕು. ಆದ್ದರಿಂದ ಕೆಂಚನಿಗೆ ನಮ್ಮಲ್ಲಿ ಸಲುಗೆ ಸ್ವಲ್ಪ ಜಾಸ್ತಿಯೇ ಇತ್ತು. ಆದಿತ್ಯವಾರ ಒಲೆಯಿಂದ ಇಳಿದ ಮೊದಲ ರೊಟ್ಟಿ ಅವನದು. ಅತ್ತೆ ಅದನ್ನು ಹಾಲಿನಲ್ಲಿ ಮುರಿದು, ಅವನ ಹಣೆಗೆ ಒಂದು ಚಿಟಿಕೆ ಭಂಡಾರದ ಅರಿಷಿಣ ಹಚ್ಚಿ, "ಉಣ್ಣಪಾ ದೇವರ ಬಂಟಾ" ಅನ್ನುತ್ತಿದ್ದರು. ಅವನು ಉಂಡ ಮೇಲೆ ನಾವು. ಮಾವನವರು ತೀರಿಹೋದ ಮೇಲೆ ಅವರ ಕರಿಕಂಬಳಿಯನ್ನೂ ಅತ್ತೆ ಪಡಸಾಲೆಯ ಮೂಲೆಯಲ್ಲಿ ಕೆಂಚನಿಗೇ ಹಾಸಿಕೊಟ್ಟರು. ಮೈಲಾರನ ಪೂಜೆಗೆ ಹಾಸುತ್ತಿದ್ದ ಕಂಬಳಿ ಅದು. ದೇವರ ಕಂಬಳಿ, ದೇವರ ನಾಯಿ, ಸರಿಹೋಯಿತು ಎಂಬುದು ಅವರ ಲೆಕ್ಕ.

ಮೊದಲನೇ ಗಂಟು ನನ್ನ ಕೈಗೆ ಸಿಕ್ಕಿದ್ದು ದೀಪಾವಳಿಯ ಆಸುಪಾಸಿನಲ್ಲಿ. ಮುಂಜಾನೆ ಅಂಗಳ ಸಾರಿಸಿ ಕೈ ತೊಳೆದು, ಬಿಸಿಲಿಗೆ ಕೂತು ಅವನ ಕುತ್ತಿಗೆ ತುರಿಸುವುದು ನನ್ನ ರೂಢಿ. ಬೆರಳಿಗೆ ಅವರೆಕಾಳಿನಷ್ಟು ಗಟ್ಟಿಯಾದದ್ದೊಂದು ಹತ್ತಿತು. ಒತ್ತಿದರೆ ಚರ್ಮದ ಕೆಳಗೆ ಅತ್ತಿತ್ತ ಸರಿಯಿತು. ಅವನಿಗೆ ನೋವಿರಲಿಲ್ಲ, ಇನ್ನಷ್ಟು ತುರಿಸು ಅಂತ ಕುತ್ತಿಗೆ ಚಾಚಿದ. ಉಣ್ಣಿ ಕಡಿದಿರಬೇಕು ಅಂದುಕೊಂಡೆ. ಆಮೇಲೆ ಬೆನ್ನಿನ ಮೇಲೆ ಇನ್ನೊಂದು, ಪಕ್ಕೆಯ ಮೇಲೆ ಮತ್ತೊಂದು. ಅವು ನಿಧಾನಕ್ಕೆ ಗಜ್ಜುಗದಷ್ಟಾದವು. ಅಷ್ಟರಲ್ಲಿ ಹೊಟ್ಟೆಯ ಕೆಳಗೆ, ಮೊಣಕೈಗಳ ಹತ್ತಿರ ಬೇರೆ ಥರದ ಸಣ್ಣ ಸಣ್ಣ ಗುಳ್ಳೆ ಎದ್ದವು. ಇವು ಒಡೆದವು, ರಸಿಗೆ ಸೋರಿತು, ಕೂದಲು ಉದುರಿತು. ಕೆಂಚ ಕೆರೆದುಕೊಂಡ, ನೆಕ್ಕಿದ, ಮತ್ತೆ ಕೆರೆದುಕೊಂಡ. ಅವನ ಹಿಂಗಾಲು ಕಂಬಕ್ಕೆ ಬಡಿಯುವ ಟಪ್ ಟಪ್ ಸದ್ದು ಅಡಿಗೆಮನೆಗೂ ಕೇಳುತ್ತಿತ್ತು. ರೊಟ್ಟಿ ಬಡಿಯುತ್ತ ನಾನು ಆ ಸದ್ದು ನಿಲ್ಲುವುದನ್ನೇ ಕಾಯುತ್ತಿದ್ದೆ.

ಮನೆಯೆಂದ ಮೇಲೆ ಔಷಧಕ್ಕೆ ಕೊರತೆಯೇ? ನಾನು ಬೇವಿನೆಣ್ಣೆ ಹಚ್ಚಿದೆ. ಅತ್ತೆ ಭಂಡಾರ ಹಚ್ಚಿದರು. ಪಕ್ಕದ ಮನೆಯ ಚೆನ್ನವ್ವ ತಮ್ಮ ಚಕ್ಕಡಿಯ ಗಾಲಿಯಿಂದ ಕರೀ ಕೀಲೆಣ್ಣೆ ಬಳಿದು ತಂದು, "ಇದಕ್ಕ ಮೀರಿದ್ದ ಇಲ್ಲ ಬಿಡ," ಅಂತ ಬೆನ್ನಿಗೆಲ್ಲ ಬಳಿದಳು. ಸಂಜೆ ಮನೆಗೆ ಬಂದ ನಮ್ಮವರು ಕರೀ ಪಟ್ಟೆ, ಹಳದೀ ಪಟ್ಟೆಯ ಕೆಂಚನನ್ನು ನೋಡಿ, "ಮೊಹರಂ ಇನ್ನೂ ದೂರ ಐತಿ, ಈಗ ಯಾಕ ಹುಲಿವ್ಯಾಸ ಹಾಕೀರಿ ಇದಕ್ಕ?" ಅಂದರು. ನಾವು ಮೂವರೂ ಬಿದ್ದು ಬಿದ್ದು ನಕ್ಕೆವು. ಕೆಂಚ ಮಾತ್ರ ಬಾಲ ಅಲ್ಲಾಡಿಸಲಿಲ್ಲ.

ಹುಣ್ಣು ಕಿವಿಯ ತನಕ ಏರಿದ ಮೇಲೆ ನಗು ನಿಂತಿತು. ಮಧ್ಯಾಹ್ನ ಕಟ್ಟೆಗೆ ಬಂದು ಹತ್ತಿ ಬಿಡಿಸುತ್ತ ಕೂಡುತ್ತಿದ್ದ ಹೆಂಗಸರು ಚೆನ್ನವ್ವನ ಕಟ್ಟೆಗೆ ಸರಿದರು. ಯಾರೂ ಜಗಳ ಮಾಡಲಿಲ್ಲ. ಬಿಸಿಲು ಅಲ್ಲಿ ಚಲೋ ಬೀಳುತ್ತದೆ ಅಂದರು. ಮಜ್ಜಿಗೆಗೆ ಬರುತ್ತಿದ್ದವರು ಬಾಗಿಲಾಚೆಯಿಂದಲೇ ಚರಿಗೆ ಚಾಚಿದರು. "ಮಹಾರೋಗ ಇರಬೇಕು" ಎಂಬ ಮಾತು ನನ್ನ ಕಿವಿಗೂ ಬಿತ್ತು. ಬೇನೆಗೆ ಒಂದು ಹೆಸರಿದ್ದರೆ ಹೇಳಬಹುದಿತ್ತು.

ಇಷ್ಟರಲ್ಲಿ ನಮ್ಮ ಬೀಗತಿ ಬಂದರು. ನಮ್ಮ ಒಬ್ಬಳೇ ಮಗಳು ಶಾಂತಾಳನ್ನು ರಾಮದುರ್ಗಕ್ಕೆ ಕೊಟ್ಟಿದ್ದೇವೆ. ಅವಳಿಗಾಗ ಚೊಚ್ಚಲ ಬಸಿರು, ಬಾಣಂತನ ತವರಿನಲ್ಲಿ ಆಗಬೇಕಲ್ಲ. ಯಾವಾಗ ಕಳಿಸುವುದು ಅಂತ ಮಾತಾಡಲು ಅವಳ ಅತ್ತೆ ಬಂದದ್ದು. ಮೈಕೈ ತುಂಬಿಕೊಂಡ, ದನಿ ದೊಡ್ಡದಾದ, ಗಲ್ಲದ ಕೆಳಗೆ ಒಂದು ನರೂಲಿ ಇದ್ದ ಗಟ್ಟಿ ಹೆಂಗಸು. ಬಾಗಿಲಲ್ಲಿ ಕೆಂಚನನ್ನು ಕಂಡವರೇ ಸೀರೆಯ ನಿರಿಗೆ ಎತ್ತಿ ಹಿಡಿದು ನಿಂತುಬಿಟ್ಟರು.

"ಇದೇನ್ರಿ ಬೀಗ್ತೇರ, ಬಾಗಲದಾಗ?"

"ನಮ್ಮ ನಾಯಿರಿ. ಒಂದೀಟು ಆರಾಮಿಲ್ಲ ಅದಕ್ಕ."

"ಒಂದೀಟು?" ಒಳಗೆ ಬಂದರು, ಚಹಾ ಕುಡಿದರು, ಊರ ಸುದ್ದಿ ಎಲ್ಲ ಹೇಳಿದರು. ಏಳುವಾಗ ನನ್ನ ಕೈ ಹಿಡಿದುಕೊಂಡು, "ಸಿಟ್ಟ ಮಾಡಬ್ಯಾಡ್ರಿ," ಅಂದರು, "ಯುಗಾದಿ ಮುಗಿದ ಮ್ಯಾಲೆ ಹುಡುಗೀನ ಕರಕೊಂಡ ಬರತೇನಿ. ಆದ್ರ ಈ ನಾಯಿ ಹಿಂಗ ಇದ್ರ, ಬಾಗಲದಿಂದನ ತಿರಿಗಿ ಕರಕೊಂಡ ಹೋಗತೇನಿ. ಹಸೂ ಕೂಸು ಇರೂ ಮನಿರಿ ಇದು."

ಅವರ ಮಾತಿನಲ್ಲಿ ತಪ್ಪು ಇರಲಿಲ್ಲ. ಅದಕ್ಕೇ ಅದು ಹೆಚ್ಚು ಚುಚ್ಚಿತು. ಸಂಜೆ ನಮ್ಮವರು ತಾಟಿನ ಮುಂದೆ ಕೂತು, ನನ್ನ ಮುಖ ನೋಡದೆ ಹೇಳಿದರು: "ಯುಗಾದಿ ತನಕ ನೋಡೋಣು. ಕಡಿಮಿ ಆಗಲಿಲ್ಲಂದ್ರ, ಜಿನ್ನಿನ ಲಾರಿ ಹುಬ್ಬಳ್ಳಿಗೆ ಹೋಗತಿರತಾವ. ದಾರ್‍ಯಾಗ ಎಲ್ಲೆರ ಬಿಟ್ಟು ಬಾ ಅಂತ ಡ್ರೈವರಗ ಹೇಳತೇನಿ." ಧೋತರದಲ್ಲಿ ಕಟ್ಟಿಕೊಂಡು ತಂದವರೇ ಈ ಮಾತು ಆಡಬೇಕಾಯಿತು. ಆ ಹೊತ್ತು ಅವರು ಅರ್ಧ ರೊಟ್ಟಿ ಬಿಟ್ಟು ಎದ್ದರು.

ಮರುದಿನ ಕೆಂಚನ ಕೊರಳಿಗೆ ಹಗ್ಗ ಕಟ್ಟಿ ದನದ ದವಾಖಾನೆಗೆ ಹೊರಟೆ. ಬೈಲಹೊಂಗಲದ ಪೇಟೆಯೊಳಗೆ ಮಧ್ಯವಯಸ್ಸಿನ ಹೆಂಗಸೊಬ್ಬಳು ಹುಣ್ಣಿನ ನಾಯಿ ಹಿಡಿದು ನಡೆದರೆ ಎಷ್ಟು ಕಣ್ಣು ಮೈಮೇಲೆ ಬೀಳುತ್ತವೆ ಅಂತ ನಡೆದವರಿಗೇ ಗೊತ್ತು. ಸೆರಗು ತಲೆಯ ಮೇಲೆ ಎಳೆದುಕೊಂಡು, ಕೆಂಚನ ಬಾಲವನ್ನಷ್ಟೇ ನೋಡುತ್ತ ಹೋದೆ.

ದವಾಖಾನೆಯ ಅಂಗಳದಲ್ಲಿ ಬೇವಿನಮರದ ಕೆಳಗೆ ಎತ್ತು, ಎಮ್ಮೆ, ಒಂದು ಆಡು. ನಾಯಿ ನಮ್ಮದೊಂದೇ. ದೊಡವಾಡದಿಂದ ಹೆಗಲು ಬಾತ ಎತ್ತು ಹೊಡೆದುಕೊಂಡು ಬಂದಿದ್ದ ರೈತನೊಬ್ಬ ಕೆಂಚನನ್ನು ಮೇಲಿಂದ ಕೆಳಗೆ ನೋಡಿ, "ಎಷ್ಟು ಹಾಲು ಕೊಡತೈತ್ರಿ ಅವ್ವಾರ ಇದು?" ಎಂದ. ಎಲ್ಲರೂ ನಕ್ಕರು.

"ಕೊಡೂದಿಲ್ಲಪಾ, ಕುಡಿತೈತಿ," ಅಂದೆ.

ಈಗ ಇನ್ನೂ ಜೋರಾಗಿ ನಕ್ಕರು, ನನಗೂ ನಗು ಬಂತು. ಆ ನಗುವಿನಿಂದ ಎದೆಯ ಮೇಲಿನ ಕಲ್ಲು ಸ್ವಲ್ಪ ಸರಿಯಿತು. ಆ ರೈತ ತನ್ನ ಎತ್ತನ್ನು ಬಿಸಿಲಿಗೆ ಸರಿಸಿ, "ಇಲ್ಲಿ ಬರ್ರಿ, ನೆಳ್ಳಾಗ ಕುಂಡ್ರಿ. ಹುಣ್ಣಿಗೆ ಬಿಸಲು ತಾಗಬಾರದು," ಎಂದು ಜಾಗ ಬಿಟ್ಟುಕೊಟ್ಟ. ನೊಣ ಹೊಡೆಯಲು ಬೇವಿನ ಟೊಂಗೆಯನ್ನೂ ಮುರಿದು ಕೊಟ್ಟ. ಎಷ್ಟೋ ವಾರಗಳಾದ ಮೇಲೆ ನಮ್ಮ ಕೆಂಚನ ಪಕ್ಕದಲ್ಲಿ ಒಬ್ಬ ಮನುಷ್ಯ ತಾನಾಗಿ ಬಂದು ಕೂತದ್ದು ಅದೇ ಮೊದಲು. ಔಷಧದ ಗುಣ ಎಷ್ಟೋ ಏನೋ, ನನಗೆ ಅರ್ಧ ಆರಾಮವಾದದ್ದು ಆ ನೆರಳಿನಲ್ಲಿ.

ಡಾಕ್ಟರು ಎಳೇ ವಯಸ್ಸಿನವರು. ಮೊದಲು ಗಟ್ಟಿ ಗಂಟುಗಳನ್ನು ಒಂದೊಂದಾಗಿ ಹಿಚುಕಿ ನೋಡಿದರು, ಆಮೇಲೆ ಹುಣ್ಣಿನ ಹತ್ತಿರ ಚರ್ಮ ಕೆರೆದು ಗಾಜಿನ ಮೇಲೆ ಹಚ್ಚಿ ಒಳಗೆ ಹೋದರು. ನಾನು ಹೊರಗೆ, ದನ ನಿಲ್ಲಿಸುವ ಕಬ್ಬಿಣದ ಚೌಕಟ್ಟಿಗೆ ಒರಗಿ ನಿಂತೆ. ಕೆಂಚ ನನ್ನ ಪಾದದ ಮೇಲೆ ಗದ್ದ ಇಟ್ಟುಕೊಂಡ. ಮಹಾರೋಗ ಅನ್ನಬಾರದು, ಮಹಾರೋಗ ಅನ್ನಬಾರದು ಅಂತ ಮೈಲಾರನಿಗೆ ಹೇಳಿಕೊಂಡೆ.

ಬಂದವರು ಹೇಳಿದ್ದು ಇಷ್ಟು: "ಎರಡೂ ಬ್ಯಾರೆ ಬ್ಯಾರೆ ಅದಾವ್ರಿ. ಹುಣ್ಣು ಹುಳದ್ದು, ಕಜ್ಜಿ. ಅದಕ್ಕ ಔಷಧ ಐತಿ. ಈ ಗಂಟು ಏನಂತ ನನಗ ಹೇಳಾಕ ಬರೂದಿಲ್ಲ. ನೋವಿಲ್ಲ, ಒಡೆದಿಲ್ಲ. ಹಂಗ ಇರಲಿ, ಕೆಣಕಬ್ಯಾಡ್ರಿ."

ಡಾಕ್ಟರಿಗೇ ಗೊತ್ತಿಲ್ಲ ಅಂದರೆ ಹೆದರಿಕೆ ಹೆಚ್ಚಾಗಬೇಕಿತ್ತು. ಆದರೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಅವರು ಇಷ್ಟು ಸರಳವಾಗಿ ಹೇಳಿದ್ದರಿಂದ, ಗೊತ್ತಿದೆ ಅಂದದ್ದರ ಮೇಲೆ ನನಗೆ ನಂಬಿಕೆ ಬಂತು. ಹಾಲಿನಂಥ ಬಿಳೀ ಔಷಧ, ಗಂಧಕದ ವಾಸನೆಯ ಮುಲಾಮು ಕೊಟ್ಟರು. ಕೀಲೆಣ್ಣೆ ಬಂದ್ ಮಾಡಿಸಿದರು.

ಔಷಧ ಹಿಡಿಯಿತು. ಹುಣ್ಣು ಒಣಗಿ ಹಕ್ಕಳೆ ಕಟ್ಟಿದವು. ಅತ್ತೆ ಉಡಿ ತುಂಬಿಸುತ್ತೇನೆಂದು ಊರ ದೇವಿಗೆ ಬೇಡಿಕೊಂಡರು. ಹಕ್ಕಳೆ ಉದುರಿ ನಾಲ್ಕು ದಿನ ಆಗಿರಲಿಲ್ಲ, ಮತ್ತೆ ಟಪ್ ಟಪ್ ಸದ್ದು ಶುರುವಾಯಿತು. ಮತ್ತೆ ಗುಳ್ಳೆ, ಮತ್ತೆ ರಸಿಗೆ. ಇನ್ನೊಮ್ಮೆ ಹೋದೆವು, ಇನ್ನೊಮ್ಮೆ ಔಷಧ, ಇನ್ನೊಮ್ಮೆ ಹಾಗೇ ಆಯಿತು. ಶಿವರಾತ್ರಿ ಕಳೆಯಿತು. ಒಂದು ಆದಿತ್ಯವಾರ ಕೆಂಚ ಮೊದಲ ರೊಟ್ಟಿಯನ್ನು ಮೂಸಿ, ಮುಖ ತಿರುಗಿಸಿ ಕಂಬಳಿಯ ಮೇಲೆ ಹೋಗಿ ಬಿದ್ದುಕೊಂಡ. ಅವನು ಉಣ್ಣದ ಹೊರತು ಅತ್ತೆ ಉಣ್ಣುವಂತಿಲ್ಲ. ಹೊತ್ತು ನೆತ್ತಿಯ ಮೇಲೆ ಬಂದರೂ ಆ ಮುದುಕಿ ಹಾಲಿನ ಬಟ್ಟಲು ಹಿಡಿದು ಅವನ ಮುಂದೆ ಕೂತೇ ಇದ್ದರು. ನಮ್ಮವರು ಪಡಸಾಲೆಗೆ ಬಂದು ಇಬ್ಬರನ್ನೂ ನೋಡಿ, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಅವರು ಲಾರಿಯ ಡ್ರೈವರನ ಹತ್ತಿರ ಹೊರಟರೇನೋ ಅಂತ ನಾನು ಬಾಗಿಲ ತನಕ ಓಡಿದೆ. ಅವರು ಹೋಗಿದ್ದು ಎರಡು ಬಿಸ್ಕೀಟು ತರಲು. ಅವನ್ನು ಕೆಂಚ ತಿಂದ. ಅತ್ತೆಯೂ ಉಂಡರು.

ಮರುದಿನ ಮತ್ತೆ ದವಾಖಾನೆ. ಡಾಕ್ಟರು ಈ ಸಲ ಕೆಂಚನನ್ನು ಬಿಟ್ಟು ನನ್ನನ್ನೇ ವಿಚಾರಿಸತೊಡಗಿದರು. "ಮನಿಯೊಳಗ ಏನೇನು ಸ್ವಚ್ಛ ಮಾಡೀರಿ?"

ನಾನು ಉತ್ಸಾಹದಿಂದ ಹೇಳಿದೆ. ಪಡಸಾಲೆ ದಿನಾ ಸಾರಿಸುತ್ತೇನೆ, ಹಗ್ಗ ಬದಲಿಸಿದ್ದೇನೆ, ಉಣ್ಣುವ ಮಣ್ಣಿನ ಪರಿಯಾಣ ಒಡೆದು ಹೊಸದು ತಂದಿದ್ದೇನೆ, ಅವನನ್ನು ಒರೆಸಿದ ಅರಿವೆ ಕುದಿಸುತ್ತೇನೆ, ಔಷಧ ಹಚ್ಚಿದ ಮೇಲೆ ನನ್ನ ಸೀರೆಯನ್ನೂ ನೆನೆಹಾಕುತ್ತೇನೆ.

"ಮಲಗೂದು ಯಾವುದರ ಮ್ಯಾಲೆ?"

"ಕಂಬಳಿ ಮ್ಯಾಲೆ."

"ಅದನ್ನ ಒಗದೀರಿ?"

"ಕಂಬಳಿ ಯಾರ ಒಗೀತಾರ್‍ರಿ?"

ನಾನು ಖರೇನೇ ಕೇಳಿದ್ದು. ಉಣ್ಣೆಗೆ ಮೈಲಿಗೆ ಇಲ್ಲ ಎಂಬುದು ನಮ್ಮಲ್ಲಿ ಹುಟ್ಟಿದಾಗಿನಿಂದ ಬಂದ ತಿಳಿವಳಿಕೆ. ಹತ್ತಿಯ ಅರಿವೆ ಮುಟ್ಟಿದರೆ ಮೈಲಿಗೆ, ಕಂಬಳಿ ಯಾವಾಗಲೂ ಮಡಿ. ಅದನ್ನು ಹೊದೆಯಬೇಕು, ಹಾಸಬೇಕು, ಬಹಳವಾದರೆ ಕೊಡವಬೇಕು. ಒಗೆಯುವ ವಸ್ತುಗಳ ಸಾಲಿನಲ್ಲಿ ಅದು ಬರುವುದೇ ಇಲ್ಲ. ಮೂವರು ದೊಡ್ಡವರು ಒಂದು ನಾಯಿಯ ಸುತ್ತಲಿನ ಎಲ್ಲವನ್ನೂ ತಿಕ್ಕಿ ತೊಳೆದಿದ್ದೆವು, ಅದರ ಹೊಟ್ಟೆಯ ಕೆಳಗಿನ ಕಂಬಳಿ ಒಂದನ್ನು ಬಿಟ್ಟು!

ಡಾಕ್ಟರು ನಕ್ಕುಬಿಟ್ಟರು. "ನಮ್ಮವ್ವನೂ ಒಗಿಯೂದಿಲ್ಲ ಬಿಡ್ರಿ. ಇಷ್ಟು ದಿನ ನನಗೂ ಕೇಳೂದು ಹೊಳಿಲಿಲ್ಲ. ಕಂಬಳಿಗೆ ಮೈಲಿಗಿ ಇಲ್ಲದಿದ್ರೂ ಹುಳ ಇರತಾವ್ರಿ. ಸುಡ್ರಿ, ಇಲ್ಲಾ ಒಗದು ಬಿಸಲಿಗೆ ಹಾಕ್ರಿ."

ಮನೆಗೆ ಬಂದು ಹೇಳಿದೆ. ಅತ್ತೆಯ ಮುಖ ಕೆಂಪಾಯಿತು. "ನಿಮ್ಮ ಮಾವ ಹೊತ್ತ ಕಂಬಳಿ, ಮೈಲಾರನ ಮುಂದ ಹಾಸಿದ ಕಂಬಳಿ. ಅದಕ್ಕ ಸಾಬಾಣ ಹಚ್ಚತೀಯೇನ ನೀಲವ್ವಾ? ಬ್ಯಾಡ. ಅದರ ಮ್ಯಾಲೆ ನಾನ ಮಲಗತೇನಿ, ನಾಯಿಗೆ ಗೋಣಿತಾಟು ಹಾಸು." ಕಂಬಳಿ ಎತ್ತಿಕೊಂಡು ಹೋಗಿ ತಮ್ಮ ಹಾಸಿಗೆಗೆ ಹಾಸಿದರು. ಕೆಂಚ ಗೋಣಿತಾಟಿನ ಮೇಲೆ ಒಂದು ಹೊತ್ತೂ ಮಲಗಲಿಲ್ಲ. ಎದ್ದು ಹೋಗಿ ಅತ್ತೆಯ ಕಾಲ ಬುಡದಲ್ಲಿ, ಅದೇ ಕಂಬಳಿಯ ಅಂಚಿನ ಮೇಲೆ ಸುರುಳಿ ಸುತ್ತಿಕೊಂಡ. ಅತ್ತೆ ಓಡಿಸಲಿಲ್ಲ.

ಒಂದು ವಾರ ಆಗಿರಬೇಕು. ನಾನು ಕಾಳು ಹಸನ ಮಾಡುತ್ತಿದ್ದೆ. ಒಳಗಿಂದ ಪರ ಪರ ಎಂಬ ಸದ್ದು. ಕೆಂಚ ಅಂದುಕೊಂಡರೆ, ಕೆಂಚ ನನ್ನ ಎದುರಿಗೇ ಇದ್ದ. ಇಣುಕಿದೆ. ಅತ್ತೆ ಕುಪ್ಪಸದ ತೋಳು ಏರಿಸಿ ಮೊಣಕೈ ಕೆರೆದುಕೊಳ್ಳುತ್ತಿದ್ದರು. ನನ್ನನ್ನು ಕಂಡು ತೋಳು ಇಳಿಸಿ, "ಸೊಳ್ಳಿ," ಅಂದರು.

"ಹೌದ್ರಿ," ಅಂದೆ.

ಅವತ್ತು ಸಂಜೆ ಮಗನಿಗೆ ಅವರೇ ಹೇಳಿದರು: "ನಾಳೆ ನನಗ ಮನೋಳಿಗೆ ಹೋಗಬೇಕು. ಕಂಬಳಿಗೆ ಹೊಳಿ ಜಳಕಾ ಮಾಡಸೂದೈತಿ."

"ಅಂದ್ರ, ಒಗ್ಯಾಕ?" ಎಂದರು ನಮ್ಮವರು.

"ಒಗ್ಯಾಕಲ್ಲೋ, ಜಳಕಕ್ಕ! ದೇವರ ಪಲ್ಲಕ್ಕಿ ಹೊಳಿಗೆ ಹೋಗೂದಿಲ್ಲೇನು?"

ಮನೋಳಿ ಅತ್ತೆಯ ತವರು. ಎರಡು ಬಸ್ಸು ಬದಲಿಸಿ, ಕಂಬಳಿಯ ಗಂಟು ತೊಡೆಯ ಮೇಲಿಟ್ಟುಕೊಂಡು ಹೋದೆವು. "ಈ ಬ್ಯಾಸಗ್ಯಾಗ ಕಂಬಳಿ ಯಾರಿಗೆ ಆಯಿ?" ಎಂದ ಕಂಡಕ್ಟರನಿಗೆ ಅತ್ತೆ, "ಅದನ್ನ ತವರಮನಿಗೆ ಕರಕೊಂಡ ಹೊಂಟೇನಿ," ಅಂದರು. ಮಲಪ್ರಭೆಯ ದಂಡೆಯಲ್ಲಿ ಬೇವಿನೆಲೆ, ಅಂಟವಾಳಕಾಯಿ ಹಾಕಿ ಹಂಡೆಯಲ್ಲಿ ನೀರು ಕುದಿಸಿ ಕಂಬಳಿಯ ಮೇಲೆ ಸುರಿದೆವು. ಕಲ್ಲಿಗೆ ಬಡಿಯಲು ಅತ್ತೆ ಬಿಡಲಿಲ್ಲ. "ಜಳಕಾ ಮಾಡಸೂಮುಂದ ಯಾರಿಗಾರ ಬಡೀತಾರೇನು?" ಇಬ್ಬರೂ ಸೀರೆ ಎತ್ತಿ ಕಟ್ಟಿ, ಅದರ ಮೇಲೆ ನಿಂತು ತುಳಿದೆವು. ಮೊದಲು ಕರೀ ನೀರು ಬಂತು. ಆಮೇಲೆ ಹಳದಿ. ಮಾವನವರ ಕಾಲದಿಂದ ಆ ಉಣ್ಣೆಯೊಳಗೆ ಕೂತಿದ್ದ ಭಂಡಾರ ಹೊಳೆಯಲ್ಲಿ ಉದ್ದಕ್ಕೆ ಹರಿದು ಹೋಯಿತು. ಅತ್ತೆ ಅದಕ್ಕೆ ಕೈ ಮುಗಿದರು.

ಹೋಳಿಹುಣ್ಣಿವೆಯ ಹೊತ್ತಿನ ಬಿಸಿಲು, ಕಾದ ಬಂಡೆ. ಸಂಜೆಗೆ ಕಂಬಳಿ ಒಣಗಿ ಗರಿಗರಿಯಾಯಿತು. ಮಡಚುವಾಗ ಅತ್ತೆ ಮೂಗಿಗೆ ಹಿಡಿದು ಮೂಸಿದರು. "ಕುರೀ ವಾಸನಿ ಬಂತು ನೋಡು. ಅವರು ಸಂತ್ಯಾಗಿಂದ ಹೊಸಾದು ತಂದಾಗ ಹಿಂಗ ನಾರತಿತ್ತು. ಹೊರಗ ಹಾಕ್ರಿ ಅಂತ ನಾ ಜಗಳಾ ಮಾಡಿದ್ದೆ." ಬಸ್ಸಿನಲ್ಲಿ ಊರು ಮುಟ್ಟುವ ತನಕ ಅದನ್ನು ಎದೆಗೆ ಅವಚಿಕೊಂಡೇ ಕೂತಿದ್ದರು.

ಆಮೇಲಿನದು ಬೇಗ ಬೇಗ ಆಯಿತು. ಮತ್ತೊಂದು ಸುತ್ತು ಔಷಧ ಹಚ್ಚಿದೆವು. ಕೆಂಚನಿಗೆ ಹಚ್ಚುವಾಗ ಅತ್ತೆ ಮೆಲ್ಲಗೆ ತೋಳು ಚಾಚಿ, "ಮುಲಾಮು ನನಗೂ ಒಂದೀಟು ಹಚ್ಚು. ಯಾರ ಮುಂದೂ ಹೇಳಬ್ಯಾಡ," ಅಂದರು. ಇಷ್ಟು ದಿನ ನಾನೂ ಹೇಳಿರಲಿಲ್ಲ, ಈಗ ಬರೆದುಬಿಟ್ಟೆ. ಹಕ್ಕಳೆ ಉದುರಿದವು, ಮತ್ತೆ ಏಳಲಿಲ್ಲ. ಬೋಳಾದಲ್ಲಿ ಕೂದಲು ಹತ್ತಿಯ ನಾರಿನಂತೆ ತೆಳ್ಳಗೆ, ಬಿಳಿಚಾಗಿ ಬಂದು, ಬರಬರುತ್ತ ಕೆಂಪಾಯಿತು. ಒಂದು ಮುಂಜಾನೆ ರೊಟ್ಟಿ ಬಡಿಯುತ್ತ, ಏನೋ ಕಡಿಮೆಯಾಗಿದೆಯಲ್ಲ ಅನ್ನಿಸಿತು. ಕಂಬಕ್ಕೆ ಬಡಿಯುವ ಸದ್ದು ಇರಲಿಲ್ಲ. ಒಲೆಯ ಮುಂದೆ ಕೂತು ಆ ನಿಶ್ಶಬ್ದವನ್ನು ಕೇಳಿದೆ. ಚೆನ್ನವ್ವನ ಕಟ್ಟೆಯ ಬಿಸಿಲು ಹೆಂಗಸರಿಗೆ ಜಾಸ್ತಿಯಾಗಿ, ಒಬ್ಬೊಬ್ಬರೇ ನಮ್ಮ ಕಟ್ಟೆಗೆ ಮರಳಿದರು. ಬಂದವರನ್ನು ಏನೂ ಕೇಳದೆ ಮಜ್ಜಿಗೆ ಕೊಟ್ಟೆ.

ಗಂಟುಗಳು ಮಾತ್ರ ಹೋಗಲಿಲ್ಲ. ಕುತ್ತಿಗೆಯ ಮೇಲೊಂದು, ಬೆನ್ನ ಮೇಲೊಂದು, ಪಕ್ಕೆಯ ಮೇಲೊಂದು, ಇದ್ದಲ್ಲೇ ಇದ್ದವು.

ಯುಗಾದಿ ಮುಗಿದು ಕೆಲವು ವಾರಗಳಾದವು. ಬೀಗತಿ ಶಾಂತಾಳ ಕೈ ಹಿಡಿದುಕೊಂಡು ಬಂದರು. ಕಟ್ಟೆಯ ಮೇಲೆ ಅತ್ತೆ ಆ ಕಂಬಳಿಯನ್ನೇ ಮರ್ಯಾದೆಯಿಂದ ಹಾಸಿ, "ಕುಂಡ್ರಿ ಬೀಗ್ತೇರ," ಅಂದರು. ಬೀಗತಿ ಕೂತರು, ಆದರೆ ಮಗ್ಗುಲಲ್ಲಿ ಶಾಂತಾಳನ್ನು ಕೂಡಿಸಲಿಲ್ಲ, ನಿಲ್ಲಿಸಿಯೇ ಕೆಂಚನನ್ನು ಕರೆದರು. ಅವನು ಹೋದ. ಕಿವಿ ಎತ್ತಿ ನೋಡಿದರು, ಹೊಟ್ಟೆ ಬಗ್ಗಿ ನೋಡಿದರು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಅವರ ಕೈ ಬೆನ್ನಿನ ಮೇಲೆ ಬಂದು ನಿಂತಿತು.

"ಹುಣ್ಣು ಹೋಗ್ಯಾವ ಖರೆ. ಗಂಟು ಅದಾವಲ್ಲ?"

ಶಾಂತಾ ನನ್ನ ಮುಖ ನೋಡಿದಳು. ಅತ್ತೆ ಎಲೆಗೆ ಸುಣ್ಣ ಹಚ್ಚುತ್ತ, ತಲೆ ಎತ್ತದೆ ಕೇಳಿದರು: "ಬೀಗ್ತೇರ, ನಿಮ್ಮ ಗಲ್ಲದ ಬುಡಕಿನ ನರೂಲಿ ಇಷ್ಟು ವರ್ಷದಾಗ ಯಾರಿಗರ ಹತ್ತೇತೇನ್ರಿ?"

ಬೀಗತಿಯ ಕೈ ತಾನಾಗಿ ಗಲ್ಲಕ್ಕೆ ಹೋಯಿತು. ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು. ಆ ದೊಡ್ಡ ದನಿಯಲ್ಲಿ ಓಣಿಯೆಲ್ಲ ಕೇಳುವ ಹಾಗೆ ನಕ್ಕರು. "ನಮ್ಮ ಯಜಮಾನರಿಗೂ ಹತ್ತಿಲ್ಲರಿ ಆಯಿ, ನಾಯಿಗೆ ಏನನ್ನೂಣು! ಕುಂಡ್ರ ಶಾಂತಾ, ಕುಂಡ್ರ. ಎಷ್ಟೊತ್ತು ನಿಲ್ಲತಿ?"

ಶಾಂತಾ ಕೂತಳು. ಕೆಂಚ ಕಂಬಳಿಯ ಮೇಲೆ ಎರಡು ಸುತ್ತು ತಿರುಗಿ, ಇಬ್ಬರ ನಡುವೆ ಜಾಗ ಮಾಡಿಕೊಂಡು ಮಲಗಿದ. "ಒಂದೀಟು ಸರೀರಿ," ಎಂದರು ಅತ್ತೆ, "ಕಂಬಳಿ ಅವನದ ಐತಿ." ಬೀಗತಿ ಸರಿದರು.

ಶಾಂತಾಳಿಗೆ ಹೆಣ್ಣುಕೂಸು ಹುಟ್ಟಿತು. ಬಾಣಂತನ ಮುಗಿಸಿ ಹೋದವಳು ಈಗ ಮತ್ತೆ ನಾಲ್ಕು ದಿನಕ್ಕೆ ಬಂದಿದ್ದಾಳೆ. ಈ ವರ್ಷವೂ ಕಂಬಳಿಗೆ ಮನೋಳಿಯಲ್ಲಿ ಜಳಕ ಆಯಿತು, ನಮ್ಮ ಮನೆಯಲ್ಲಿ ಅದೀಗ ಒಂದು ಪದ್ಧತಿ. ಗಂಟುಗಳನ್ನು ಡಾಕ್ಟರು ಆಗಾಗ ಹಿಚುಕಿ ನೋಡುತ್ತಾರೆ, "ಬೆಳೆದಿಲ್ಲ" ಅನ್ನುತ್ತಾರೆ. ಏನು ಅಂತ ಅವರೂ ಹೇಳುವುದಿಲ್ಲ, ನಾನೂ ಕೇಳುವುದಿಲ್ಲ. ಮುಂಜಾನೆ ಬಿಸಿಲಿಗೆ ಕೂತಾಗ ಬೆರಳಿಗೆ ಸಿಕ್ಕರೆ ಇದ್ದಾವೆ ಅಂದುಕೊಂಡು ಮುಂದೆ ತುರಿಸುತ್ತೇನೆ.

ಇದನ್ನು ಬರೆಯುತ್ತ ಕೂತಾಗಲೇ ಕೂಸು ಅಂಬೆಗಾಲಿಟ್ಟು ಕಂಬಳಿಯ ಹತ್ತಿರ ಹೋಯಿತು. ಕೆಂಚ ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿದ. ಕೂಸು ಅವನ ಬೆನ್ನಿನ ಮೇಲಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದು, ಹಿಂದೆ ಜೋಲಿ ಹೊಡೆದು, ಮುಂದೆ ವಾಲಿ, ಎದ್ದು ನಿಂತಿತು. ಅದು ಹುಟ್ಟಿದ ಮೇಲೆ ತಾನಾಗಿ ಎದ್ದು ನಿಂತದ್ದು ಅದೇ ಮೊದಲು. ಶಾಂತಾ ಹಿಡಿಯಲು ಓಡಿದಳು. ಅತ್ತೆ ಅವಳ ಸೆರಗು ಹಿಡಿದು ನಿಲ್ಲಿಸಿ ಕೂಸಿಗೆ ಹೇಳಿದರು:

"ಹಿಡಕೋ ನನ್ನವ್ವಾ, ಗಟ್ಟಿ ಹಿಡಕೋ. ಅವು ಎಲ್ಲೂ ಹೋಗೂದಿಲ್ಲ."